ಟಿಕಳಿಯ ಹಿಂದಿನ ದೀಪ

ಕಲಿಯೋರು ಹೆದರತಾರ ಅಂತ
ಸ್ಟೇರಿಂಗ್ ಹಿಂದಿನ ಹಳದಿ ದೀಪದ ಮ್ಯಾಲ
ಒಂದು ಟಿಕಳಿ ಅಂಟಿಸಿದ್ದೆ. ಕುಂಕುಮ ಬಣ್ಣದ್ದು, ದೊಡ್ಡದು.
ಹನ್ನೊಂದು ವಾರ ಹಂಗ ನಡೀತು.
ಮುಳಗುಂದ ನಾಕಾದಿಂದ ಹಾತಲಗೇರಿ ನಾಕಾಕ್ಕ,
ಅಲ್ಲಿಂದ ಹೊಳ್ಳಿ ಟಾಂಗಾ ಕೂಟಕ್ಕ.
ಕ್ಲಚ್ ಬಿಡ್ರಿ, ಸಾವಕಾಶ ಬಿಡ್ರಿ,
ಎಮ್ಮಿಗೆ ಹಾರ್ನ್ ತಿಳಿಯೂದಿಲ್ಲ, ನೀವ ನಿಂದರ್ರಿ.

ಹೊಗಿ ತಪಾಸಣಿ ವ್ಯಾನಿನ ಹುಡುಗ
ಗಾಡಿ ಚಾಲೂನೂ ಮಾಡಸಲಿಲ್ಲ.
ನಂಬರ್ ಪ್ಲೇಟಿನ ಫೋಟೊ ಹೊಡದು, ನೂರಾ ಹತ್ತು ಇಸಕೊಂಡು
ಇನ್ನೂ ಬೆಚ್ಚಗಿದ್ದ ಕಾಗದ ಕೈಯಾಗಿಟ್ಟ:
ಗಾಡಿಯ ಉಸುರು ಸ್ವಚ್ಛ.
ಟಿಕಳಿ ಅಂಚಿನಿಂದ ಬೆಳಕು ಸೋರತಿತ್ತು
ಗ್ರಹಣದ ದಿನ ಸೋರಿದಂಗ.

ಹುಬ್ಬಳ್ಳಿ ಗೋಕುಲ ರೋಡಿನ ಷೋರೂಮಿನಾಗ
ತಣ್ಣನ್ನ ಗಾಳಿ, ಕಾಗದದ ಕಪ್ಪಿನಾಗ ಸಪ್ಪನ್ನ ಚಾ.
"ಪಿ ಸೊನ್ನಿ ನಾಕು ಎರಡು ಸೊನ್ನಿ, ಮೇಡಂ,"
ಗೋತ್ರ ಹೇಳಿದಂಗ ಹೇಳಿದ. "ಕನ್ವರ್ಟರ್ ಹೋಗೇತಿ.
ನಲವತ್ತಾರು ಸಾವಿರದ ಎಂಟನೂರು. ಟ್ಯಾಕ್ಸ್ ಬ್ಯಾರೆ."
ಗಾಡಿ ನಾ ತಗೊಂಡದ್ದು ತೊಂಬತ್ತಕ್ಕ.
"ಒಳಗ ಪ್ಲಾಟಿನಂ ಇರತೈತ್ರಿ, ಅದಕ್ಕ ತುಟ್ಟಿ."
ಕೊಳ್ಳಾಗಿನ ಎಳಿ ಮುಟ್ಟಿ ನೋಡಕೊಂಡೆ.
ನನಗಿಂತ ನನ್ನ ಗಾಡೀನ ಹೆಚ್ಚು ವಸ್ತಾ ಹಾಕ್ಕೊಂಡೈತಿ,
ಅದೂ ಹೊಟ್ಟಿ ಕೆಳಗ, ಯಾರಿಗೂ ಕಾಣದಂಗ.

ಅಣ್ಣಿಗೇರಿ ದಾಟೂತನಕ ಆ ಅಂಕಿ
ಹಲ್ಲಾಗ ಸಿಕ್ಕ ಮೆಣಸಿನಕಾಯಿ ಬೀಜ.

ಬೆಟಗೇರಿ ಗ್ಯಾರೇಜಿನ ದಾವಲಸಾಬ ಬಾನೆಟ್ ಎತ್ತಲಿಲ್ಲ.
"ಮಂದಿ ಅದನ್ನ ಬಿಚ್ಚಿ ಒಗದು ಖಾಲಿ ಪೈಪ್ ಹಾಕಸತಾರ್ರಿ.
ಮೂರೂವರಿ ಸಾವಿರ. ದೀಪಕ್ಕ ಸುಳ್ಳು ಹೇಳೂ
ಸಣ್ಣ ಡಬ್ಬೀನೂ ಸಿಗತೈತಿ."
ಕೈ ಒರಿಸಿಕೊಂಡ. "ನಾ ಹಾಕೂದಿಲ್ಲ. ಯಾಕಂತ ಕೇಳಬ್ಯಾಡ್ರಿ."
ನಾ ಯಾಕಂತ ಕೇಳಾಕಿ ಇದ್ದಿಲ್ಲ,
ಯಾವತ್ತು ಬರಲಿ ಅಂತ ಕೇಳಾಕಿ ಇದ್ದೆ.

ಸಾವಂತ್ರಕ್ಕಗ ಐವತ್ತನಾಕು. ಕೈಮಗ್ಗದಾಕಿ.
ಮೂರನೇ ಪಾಠದಾಗ ಉಗುರಿಂದ ಟಿಕಳಿ ಕಿತ್ತಳು.
"ಹಣಿಮ್ಯಾಲಿನದು ಇಲ್ಯಾಕ ಬಂತ್ರಿ, ಟೀಚರ?"
"ಗಾಡಿಗೂ ಒಂದಿರಲಿ ಅಂತ."
ನಗಲಿಲ್ಲ. ಕಿಡಕಿ ಇಳಿಸಿ, ತಲಿ ಹೊರಳಿಸಿ ಕುಂತಳು.
"ಟುಸ್ ಅಂತೈತಲ್ರೀ ಇದು, ತಾಳ ತಪ್ಪಿ.
ಎಳಿ ಹರದ್ರ ಮೊದಲ ಕಿವಿಗೆ ಗೊತ್ತಾಕ್ಕೈತಿ, ಆಮ್ಯಾಲ ಕಣ್ಣಿಗೆ.
ನಾವು ಮಗ್ಗ ಅಲ್ಲೇ ನಿಂದರಸತೀವಿ.
ನೀವು ಟಿಕಳಿ ಹಚ್ಚತೀರಿ."

ಮತ್ತ ದಾವಲಸಾಬನ ಕಡೆ. ಈ ಸಲ ಆತ ಅಂಗಾತ ಮಲಗಿ
ಗಾಡಿ ಕೆಳಗ ಸರದ.
ಹೊಗಿ ಕೊಳವಿ ಬಾಯಿಗೆ ಅರಿವಿ ಒತ್ತಿ ಹಿಡದಾಕಿ ನಾನು,
ಸಬಕಾರದ ನೀರು ಚಿಮುಕಿಸಿದಾಕಿ ಸಾವಂತ್ರಕ್ಕ.
ಗುಳ್ಳಿ ಎದ್ದವು, ಕನ್ವರ್ಟರಿನ ಮುಂದ, ಬೆಸಿಗಿ ಗುಂಟ,
ಕೂದಲಷ್ಟು ಸೀಳು.
"ಹೊರಗಿನ ಗಾಳಿ ಇಲ್ಲಿಂದ ಹೊಕ್ಕು
ಸೆನ್ಸರಿಗೆ ಚಾಡಿ ಹೇಳತಿತ್ತು," ಅಂತ ಕೆಳಗಿಂದ ದನಿ.
"ಅದು ಪಾಪ, ಕೇಳಿದ್ದನ್ನ ದೀಪಕ್ಕ ಹೇಳೇತಿ."

ವೆಲ್ಡಿಂಗಿಗೆ ಆರನೂರಾ ಐವತ್ತು.
ಸ್ಕ್ಯಾನರ್ ತಂದ ಫಕ್ಕೀರೇಶಗ ಎರಡನೂರು.
ದೀಪ ಆರಿತು. ನಾ ನಗಾಕ ಬಾಯಿ ತಗದೆ.
"ತಡೀರಿ," ಅಂದ ದಾವಲಸಾಬ, "ನೂರು ಕಿಲೋಮೀಟರ್ ಓಡಲಿ.
ಕನ್ವರ್ಟರ್ ಗಟ್ಟಿ ಐತಿ ಅಂತ ನಾ ಎಲ್ಲಿ ಹೇಳೀನಿ?"

ಇವತ್ತಿಗೆ ತೊಂಬತ್ತಮೂರು.
ಸಾವಂತ್ರಕ್ಕ ಎರಡನೇ ಗೇರಿನಾಗ.
ನನ್ನ ಕಣ್ಣು ರಸ್ತೇಕ್ಕಿಲ್ಲ, ಟಿಕಳಿ ಕಿತ್ತ ಜಾಗದಾಗಿನ
ಅಂಟಿನ ಗುರುತಿನ ಮ್ಯಾಲ ಐತಿ.
"ಟೀಚರ, ಎಮ್ಮಿ!" ಅಂದಾಕಿ ಅಕಿ. ಬ್ರೇಕ್ ಒತ್ತಿದಾಕೀನೂ ಅಕಿ,
ಕ್ಲಚ್ ಮರತಾಕೀನೂ ಅಕಿ.
ಗಾಡಿ ಒಂದು ಸಲ ಕುಣದು ಬಂದಾತು.
ಬಂದಾದ ಕೂಡಲೆ ಇದ್ದಬಿದ್ದ ದೀಪೆಲ್ಲಾ ಹತ್ತಿದವು,
ಕೆಂಪು, ಹಸರು, ಅವುಗಳ ನಡುವ ಅದೂ.

ಹಿಂದ ಟಂಟಂನವ ಹಾರ್ನ್ ಬಾರಸತಾನ.
ಎಮ್ಮಿ ತನ್ನ ಪಾಡಿಗೆ ದಾಟತೈತಿ.
ಕೀಲಿ ಮ್ಯಾಲ ಬೆರಳಿಟ್ಟ ಸಾವಂತ್ರಕ್ಕ ಅವಸರ ಮಾಡವಲ್ಲಳು.
ತಲಿ ಒಂದು ಬದಿಗೆ ವಾಲಿಸ್ಯಾಳ,
ಮಗ್ಗದ ಮುಂದ ಕುಂತಂಗ.