ಕಮಟು

ಮೊದಲ ಸಲ ಅದು ಬಂದದ್ದು ಕೊಬ್ಬರಿ ಮಿಠಾಯಿಯ ಡಬ್ಬಿಯಿಂದ.
ವನಮಾಲ ಮುಚ್ಚಳ ತೆಗೆದಳು, ಮೂಸಿದಳು, ಮುಖ ಹಿಂಡಿದಳು.
ಕುಂದಲಹಳ್ಳಿ, ಮೂರನೇ ಮಹಡಿ, ಸಂಜೆ ಏಳೂವರೆ.
ಪರದೆಯ ಮೇಲೆ ನನ್ನ ಹಳೆಯ ಕೋಡು:
ತಪ್ಪಿಲ್ಲ, ಓಡುತ್ತದೆ, ಟೆಸ್ಟುಗಳೆಲ್ಲ ಹಸಿರು,
ಆದರೂ ಮುಟ್ಟಲು ಯಾರಿಗೂ ಮನಸ್ಸಿಲ್ಲ.
ಡಬ್ಬಿ ನೋಡಿ ಹೇಳಿದಳೋ, ಪರದೆ ನೋಡಿ ಹೇಳಿದಳೋ,
ಇವತ್ತಿಗೂ ಖಾತ್ರಿಯಿಲ್ಲ ನನಗೆ:
“ಕಮಟು ಹಿಡಿದಿದೆ ಕಣೋ.”

ನಕ್ಕೆವು. ಅಷ್ಟೆ.

ಒಳಗೆ ಬಿಟ್ಟುಕೊಂಡವನು ನಾನು, ಒಪ್ಪಿಕೊಳ್ಳುತ್ತೇನೆ.
ರಿಲೀಸಿನ ಹಿಂದಿನ ರಾತ್ರಿ, ಎರಡು ಗಂಟೆ.
ಈ ಭಾಗ ಸರಿಯಿದೆ, ಆದರೆ ಬಹಳ ದಿನ ಇಟ್ಟದ್ದು, ನಂಬಬೇಡಿ,
ಪುರುಸೊತ್ತಾದಾಗ ಮತ್ತೆ ಬರೆಯಿರಿ
ಅಂತೆಲ್ಲ ಇಂಗ್ಲಿಷಿನಲ್ಲಿ ಬರೆಯಲು ಕೈ ಸೋತು
ಕಾಮೆಂಟಿಗೆ ಒಂದೇ ಪದ ಕುಟ್ಟಿ
ಮೇಜಿನ ಮೇಲೆ ತಲೆಯಿಟ್ಟೆ.

ಬೆಳಿಗ್ಗೆ ಕಟಕಿನ ದೇಬಾಶಿಷ್ ಕೇಳಿದ, “ಕೊಮೊಟು ಅಂದ್ರೆ?”
ಮೂಗು ಹಿಡಿದು ತೋರಿಸಿದೆ.
ಮಧ್ಯಾಹ್ನದ ಹೊತ್ತಿಗೆ ಅವನೇ
ಬೇರೆಯವರ ಕೋಡಿನ ಮುಂದೆ ಮೂಗು ಹಿಡಿದು ನಿಂತಿದ್ದ.
ಮಧುರೆಯ ಶೆಣ್ಬಗವಲ್ಲಿ “ಕಮಟ್ಟು” ಅಂದಳು, ಟಕಾರಕ್ಕೆ ಒತ್ತು ಕೊಟ್ಟು.
ಅದೇ ಸರಿ ಅಂದರು ಕೆಲವರು. ಒಂದು ವಾರ ಜಗಳ.
ಜಗಳ ಎದ್ದು ಹೋಯಿತು,
ಪದ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಿತು.

ಆಮೇಲೆ ಮ್ಯಾನೇಜರ್ ಒಬ್ಬರು
ಅದರ ಒಂದೊಂದು ಅಕ್ಷರಕ್ಕೂ ಒಂದೊಂದು ಇಂಗ್ಲಿಷ್ ಪದ ಹೊಂದಿಸಿ
ಇದರ ಪೂರ್ಣರೂಪ ಇದು ಎಂದು ಸಾರಿದರು.
ಎಲ್ಲರೂ ತಲೆಯಾಡಿಸಿದರು. ವನಮಾಲಳೂ.

ಅದೇ ತಿಂಗಳು ಹೆಡ್ಡಾಫೀಸಿನಿಂದ
ಇದೇ ರೋಗಕ್ಕೆ ಅಧಿಕೃತ ಹೆಸರೊಂದು ಇಳಿಯಿತು, ನಾಲ್ಕು ಪದದ್ದು.
ಗೋಡೆಗೆ ಪೋಸ್ಟರು, ತಲೆಗೊಂದು ಮಗ್ಗು, ಕೇಕು.
ಕೇಕು ಮುಗಿಯಿತು.
ಮಗ್ಗಿನಲ್ಲೀಗ ಹೌಸ್‌ಕೀಪಿಂಗಿನ ಚೌಡಮ್ಮ ಮನಿಪ್ಲಾಂಟ್ ಬೆಳೆಸುತ್ತಾರೆ.
ಆ ಹೆಸರೇನೆಂದು ಕೇಳಬೇಡಿ,
ಎಲೆ ಸರಿಸಿ ಓದಬೇಕು.

ಕೆಲಸ ಬಿಟ್ಟವರು ಹೊತ್ತುಕೊಂಡು ಹೋದರು ಇದನ್ನು.
ಲ್ಯಾಪ್‌ಟಾಪ್ ಒಪ್ಪಿಸಿ, ಕೊರಳ ಕಾರ್ಡು ಬಿಚ್ಚಿ ಕೊಟ್ಟು,
ಗೇಟಿನಲ್ಲಿ ಬ್ಯಾಗು ತೆರೆದು ತೋರಿಸಿ,
ನಾಲಗೆಯಡಿ ಇದೊಂದನ್ನು ಇಟ್ಟುಕೊಂಡು.

ಹೋದ ವರ್ಷ ನೇರಳೆ ಮೆಟ್ರೋದಲ್ಲಿ,
ಹೂಡಿ ದಾಟಿ ಸೀತಾರಾಂಪಾಳ್ಯ ಬರುವಷ್ಟರಲ್ಲಿ,
ಯಾವುದೋ ಬೇರೆ ಕಂಪನಿಯ ಇಬ್ಬರು, ಹಿಂದಿ ಮಾತು.
ಅದರ ನಡುವೆ, ಕಂಬಿ ಹಿಡಿಯದೆ ನಿಂತ ಹುಡುಗನ ಹಾಗೆ,
ಆರಾಮಾಗಿ:
“ಪೂರಾ ಕಮ್ಟಾ ಗಯಾ, ಯಾರ್.”
ನನ್ನ ಸ್ಟೇಷನ್ ಬಂತು. ಇಳಿಯಲಿಲ್ಲ.
ಇನ್ನೊಂದು ಸಲ ಅಂದಾರೇನೋ ಎಂದು
ನಲ್ಲೂರಹಳ್ಳಿಯವರೆಗೆ ಹೋದೆ.

ಮೊನ್ನೆ ತರಬೇತಿ. ಹೊಸಬ, ಇಪ್ಪತ್ತೈದು ದಾಟಿರಲಿಕ್ಕಿಲ್ಲ,
ಹನ್ನೊಂದನೇ ಸ್ಲೈಡು:
“ಕಮಟು. ಇದು ಜಪಾನಿ ಪದ.
ಅಲ್ಲಿನ ಕಾರು ಫ್ಯಾಕ್ಟರಿಗಳಿಂದ ಬಂದದ್ದು.”
ವನಮಾಲಳ ಕಡೆ ತಿರುಗಿದೆ, ಈಗ ಕೈಯೆತ್ತುತ್ತಾಳೆ ಎಂದು.
ಅವಳು ನೋಟ್‌ಬುಕ್ಕಿನಲ್ಲಿ “ಜಪಾನಿ” ಎಂದು ಬರೆದು
ಕೆಳಗೊಂದು ಗೆರೆ ಎಳೆದಳು.

ಕಾಫಿಗೆ ಎದ್ದಾಗ ಕೇಳಿದೆ, ಯಾಕೆ ಸುಮ್ಮನಿದ್ದೆ?
“ಏನಂತ ಹೇಳಲಿ? ನನ್ನದು ಅಂತಲಾ?
ನಮ್ಮಜ್ಜಿ ದೀಪದ ಎಣ್ಣೆಗೆ ಅಂತಿದ್ದಳು.
ಅವಳದ್ದೂ ಅಲ್ಲ.”
ಬ್ಯಾಗಿನಿಂದ ಡಬ್ಬಿ ತೆಗೆದು ನನ್ನ ಮೂಗಿಗೆ ಹಿಡಿದಳು.
“ನೋಡು, ಸರಿಯಿದೆಯಾ?”

ಮೂಸಿದೆ. ಸರಿಯಿರಲಿಲ್ಲ.
ಹೇಳಬೇಕಾದ ಪದ ಬಾಯಿಯವರೆಗೆ ಬಂದು,
ಮಿಠಾಯಿಗೂ ಇದನ್ನು ಬಳಸಬಹುದೇ ಎಂದು
ಒಂದು ಗಳಿಗೆ ಅನುಮಾನಿಸಿತು.