ಚಿಪ್ಪಿನ ಬರ

ಪ್ರತಿ ಮಂಗಳವಾರ ನಿವಾಲ್ದೊ ಬರುತ್ತಾರೆ
ಗುಡ್ಡದ ಮೇಲಿಂದ, ಮುನ್ನೂರ ಹನ್ನೆರಡು ಮೆಟ್ಟಿಲಿಳಿದು.
ಎಣಿಸಿದ್ದು ನಾನಲ್ಲ, ಅವರ ಮೊಣಕಾಲು.
"ಬಂತಾ?"
"ಮುಂದಿನ ತಿಂಗಳು."

ವಾಲ್ಪರೈಸೊ ಬಂದರಿನಲ್ಲಿ ಮೂವತ್ತೊಂದು ವರ್ಷ
ಕ್ರೇನಿನ ಗಾಜಿನ ಗೂಡಲ್ಲಿ ಕೂತು
ಮನೆಗಾತ್ರದ ಪೆಟ್ಟಿಗೆಗಳನ್ನು
ಹಡಗಿನಿಂದ ದಡಕ್ಕೆ ತೂಗಿ ಇಳಿಸಿದ ಕೈ.
ಒಳಗೇನಿದೆ ಎಂದು ಒಂದು ದಿನವೂ ಕೇಳಲಿಲ್ಲವಂತೆ.
ಈಗ ಕೇಳುತ್ತಾರೆ:
ಉಗುರಿನಷ್ಟು ಸಿಲಿಕಾನು, ಅದಕ್ಕೆಂಥ ಕೊರತೆ?

ಗೊತ್ತಿದ್ದಷ್ಟು ಹೇಳುತ್ತೇನೆ.
ಎಲ್ಲೋ ಕಾರ್ಖಾನೆಗೆ ಬೆಂಕಿ, ಎಲ್ಲೋ ನೀರಿಲ್ಲ,
ಊರಿಗೂರೇ ಬಾಗಿಲು ಹಾಕಿಕೊಂಡು ಪರದೆ ಕೊಂಡಿತು,
ಹೊಸ ಕಾರುಗಳೂ ಮಿದುಳಿಲ್ಲದೆ ಬಯಲಲ್ಲಿ ನಿಂತಿವೆ.
ಕಡಲ ದಂಡೆಯ ಊರಲ್ಲಿ ಚಿಪ್ಪಿಗೆ ಬರ ಬಂತು ನೋಡಿ,
ಎನ್ನುತ್ತೇನೆ. ಅವರು ನಗುವುದಿಲ್ಲ.

ಮಾರ್ಚಿನಲ್ಲಿ ಒಂದು ಬಂದಿತ್ತು. ಒಂದೇ ಒಂದು ಗ್ರಾಫಿಕ್ಸ್ ಕಾರ್ಡು,
ಬೆಳ್ಳಿ ಬಣ್ಣದ ಚೀಲದೊಳಗೆ, ಮುಟ್ಟಿದರೆ ತಣ್ಣಗೆ.
ಅವತ್ತು ಸೋಮವಾರ.
ಕಂಪ್ಯೂಟರಿನಲ್ಲಿ ನಾಣ್ಯ ಅಗೆಯುವ ಹುಡುಗನೊಬ್ಬ
ಮೂರು ಪಟ್ಟು ಎಣಿಸಿಟ್ಟ.
ಅಂಗಡಿ ಬಾಡಿಗೆ ಎರಡು ತಿಂಗಳದ್ದು ಬಾಕಿಯಿತ್ತು.
ಮಂಗಳವಾರ, ಅದೇ ಮುಖದಲ್ಲಿ, ಅಂದೆ:
"ಮುಂದಿನ ತಿಂಗಳು."

ಆಮೇಲೆ ಎರಡು ಮಂಗಳವಾರ ಅವರ ಸುಳಿವಿಲ್ಲ.
ಮೂರನೆಯದಕ್ಕೆ ಮೊಮ್ಮಗಳು ಮಿಲ್ಯರಾಯ್ ಬಂದು
ಷಟರ್ ಎಳೆಸಿ, ನನ್ನನ್ನು ಮೆಟ್ಟಿಲು ಹತ್ತಿಸಿದಳು.

ಎರ್ಸಿಲಿಯಾ ಬಾಗಿಲಲ್ಲೇ ದೂರಿದರು:
"ನನ್ನ ಎಂಪನಾಡದ ಓವನ್ನಿನಲ್ಲಿ ಈ ಮನುಷ್ಯ
ಸತ್ತ ಕಾರ್ಡು ಬೇಯಿಸಿದ್ದಾನೆ, ಎಂಟು ನಿಮಿಷ,
ನಾಲ್ಕು ಮೂಲೆಗೆ ಬೆಳ್ಳಿ ಕಾಗದದ ಉಂಡೆಯಿಟ್ಟು.
ಬಿರುಕುಬಿಟ್ಟ ಬೆಸುಗೆ ಕರಗಿ ಕೂಡಿಕೊಳ್ಳುತ್ತದಂತೆ!
ಈರುಳ್ಳಿ ಹುರಿದರೂ ಈಗ ತವರದ ವಾಸನೆ."

ಒಳಗೆ, ಪರದೆಯ ಮೇಲೆ, ಆಂಡಿಸ್. ಹಿಮ.
ಕಣಿವೆಯಿಂದ ಮೇಲೇಳುತ್ತಿರುವ ಪುಟ್ಟ ವಿಮಾನ,
ಕೋಲು ಹಿಡಿದದ್ದು ಅದೇ ಕ್ರೇನಿನ ಕೈ.
ಆಕಾಶದ ಉದ್ದಕ್ಕೂ ನಾಲ್ಕು ಹಸಿರು ಗೆರೆ.
ಪೂರ್ತಿ ಗುಣವಾಗಿಲ್ಲ, ಎಂದೆ.
"ಇರಲಿ ಬಿಡು," ಅಂದರು ತಿರುಗದೆ,
"ಮೇಲೆ ಹಗ್ಗ ಕಂಡರೇ ನನಗೆ ಧೈರ್ಯ."

ಎಷ್ಟು ದಿನ ಬಾಳೀತು ಅದು? ವಾರವೋ, ತಿಂಗಳೋ.
ಸೋಮವಾರದ ವಿಷಯ ನಾಲಿಗೆಯ ತುದಿಗೆ ಬಂತು.
ಎರ್ಸಿಲಿಯಾ ತಟ್ಟೆ ತಂದು ಮುಂದಿಟ್ಟರು,
ಹಬೆಯಾಡುವ ಎಂಪನಾಡ.
ನನಗೇನೂ ತವರದ ವಾಸನೆ ಬರಲಿಲ್ಲ.
ಎರಡು ತಿಂದೆ.