ಸುಂಕದವನ ಮುಂದೆ

ನಂಗಲಿಯಲ್ಲಿ ಹನ್ನೊಂದು ವರ್ಷ ನಾನು ಎತ್ತಿ ಇಳಿಸಿದ್ದು
ಒಂದು ಬಿದಿರು. ಕೆಂಪು ಬಿಳಿ ಪಟ್ಟೆ,
ಬುಡಕ್ಕೆ ಭಾರವಾಗಿ ಒಡೆದ ರಾಗಿಕಲ್ಲಿನ ಅರ್ಧ.
ಆಂಧ್ರದ ಕಡೆಯ ಲಾರಿ ಅದರ ಮುಂದೆ ನಿಲ್ಲಲೇಬೇಕು,
ಡ್ರೈವರು ಇಳಿಯಬೇಕು, ಕಾಗದ ತರಬೇಕು,
ಒಳಗೆ ಸಾಹೇಬರು ಮೊಹರು ಒತ್ತುವ ತನಕ
ಎದುರಿನ ತಡಿಕೆ ಅಂಗಡಿಯಲ್ಲಿ ಟೀ ಕುಡಿಯಬೇಕು.
ಮುನಿರತ್ನಮ್ಮನ ಸಂಸಾರ ನಡೆದದ್ದು
ಲಾರಿ ನಿಲ್ಲುತ್ತಿದ್ದ ಆ ಮುಕ್ಕಾಲು ಗಂಟೆಯ ಮೇಲೆ.

ಕಾಗದ ಸರಿಯಿದ್ದರೆ ಇಪ್ಪತ್ತು, ಇಲ್ಲದಿದ್ದರೆ ಇನ್ನೂರು.
ಅದಕ್ಕೆ ರಸೀದಿಯಿರಲಿಲ್ಲ. ಬಿದಿರು ಏಳುತ್ತಿತ್ತು.

ಒಂದು ಜುಲೈ ಬೆಳಿಗ್ಗೆ, "ಎತ್ತು, ಇನ್ನು ಇಳಿಸಬೇಡ" ಅಂದರು.
ಎತ್ತಿದೆ.
ಅವಳ ಒಲೆಯ ಇದ್ದಿಲು ಕೆಂಪಾಗುವಷ್ಟರಲ್ಲಿ
ನಲವತ್ತು ಲಾರಿ ಹೋದವು, ಯಾರೂ ಇಳಿಯಲಿಲ್ಲ.
ಮಾವಿನ ವಾಸನೆ ಬಂತು, ಹೋಯಿತು.

ಈಗ ಹೆದ್ದಾರಿಯ ಮೇಲೆ ಕಂಬಕ್ಕೊಂದು ಕಣ್ಣು.
ಅದಕ್ಕೆ ಟೀ ಬೇಡ, ಇಪ್ಪತ್ತು ಬೇಡ, ನಿದ್ದೆ ಬೇಡ.
ನಿಜ ಹೇಳಬೇಕೆಂದರೆ ನಮಗಿಂತ ಒಳ್ಳೆಯದು.
ಯಾವ ಗಾಡಿ, ಏನು ಸರಕು, ಯಾರಿಗೆ ಎಂದು
ನಿಲ್ಲಿಸದೆಯೇ ಓದಿಕೊಳ್ಳುತ್ತದೆ;
ಕೋಲಾರದ ಆಫೀಸಿನ ಪರದೆಯಲ್ಲಿ ಲಾರಿ ಒಂದು ಹಸಿರು ಚುಕ್ಕಿ.
ನನಗೆ ಅಲ್ಲೊಂದು ಸ್ಟೂಲು ಕೊಟ್ಟಿದ್ದಾರೆ. ನೀರು, ಫೈಲು, ಮತ್ತೆ
ಮೇಲ್ ಐಡಿ ಇಲ್ಲದವರಿಗೆ ನೋಟಿಸು ಮುಟ್ಟಿಸುವುದು.

ಹೋದ ವಾರದ ಕಟ್ಟಿನಲ್ಲಿ ಅವಳ ಹೆಸರು.
ಮುಳಬಾಗಿಲು ಬಸ್ ನಿಲ್ದಾಣದ ಹಿಂದೆ ಕಬ್ಬಿಣದ ಗಾಡಿ,
ಗಾಡಿಯ ಮೇಲೆ, ಹಣ ಬಂದರೆ ಕೂಗುವ ಡಬ್ಬಿ.
"ಒಂದೇ ವರ್ಷಕ್ಕೆ ನಲವತ್ತೆರಡು ಲಕ್ಷದ ವಹಿವಾಟು" ಎಂದು ಓದಿದೆ.
ನಕ್ಕಳು. ಆಮೇಲೆ ಸ್ಟೋವು ಆರಿಸಿದಳು.

"ಗೇಟಣ್ಣಾ, ಅದು ವಡ್ಡಹಳ್ಳಿ ಮಂಡಿ ಹಮಾಲರ ಕೂಲಿ.
ಅವರ ಹತ್ರ ಅಂಥ ಫೋನಿಲ್ಲ. ಮಂಡಿಯವರು ನನಗೆ ಹಾಕ್ತಾರೆ,
ಸಾಯಂಕಾಲ ನಾನು ನೋಟು ಎಣಿಸಿ ಕೊಡ್ತೀನಿ.
ಚೀಟಿ ದುಡ್ಡೂ ಅದ್ರಲ್ಲೇ. ಮಗಳ ಬಾಣಂತನಕ್ಕೆ ತಮ್ಮ ಹಾಕಿದ್ದೂ ಅದ್ರಲ್ಲೇ.
ಟೀ ಎಷ್ಟು, ಬೋಂಡ ಎಷ್ಟು ಅಂತ ಡಬ್ಬಿಗೆ ಗೊತ್ತಾಗಲ್ವಾ?"

ಗೊತ್ತಾಗಲ್ಲ. ಡಬ್ಬಿಗೆ ಬಂದದ್ದು ಗೊತ್ತು, ಹೋದದ್ದು ಗೊತ್ತಿಲ್ಲ.
ಸುಂಕದವನ ಮುಂದೆ ಸುಖದುಃಖ ಎಂದು ಗಾದೆ ಕಟ್ಟಿದವರಿಗೆ
ಮುಂದೆ ಒಬ್ಬ ಸುಂಕದವನಾದರೂ ಇದ್ದ,
ಕಿವಿ ಕೆರೆಯುತ್ತ, ಆಕಳಿಸುತ್ತ, ಕೇಳದ ಹಾಗೆ ಕೇಳುತ್ತ.
ಇವಳು ಯಾರ ಮುಂದೆ ನಿಲ್ಲಬೇಕು?
ಉತ್ತರ ತುಂಬುವ ಪುಟದಲ್ಲಿ ದುಃಖಕ್ಕೆ ಖಾನೆಯಿಲ್ಲ.
'ಇತರೆ' ಎಂಬುದೊಂದಿದೆ, ಇನ್ನೂರು ಅಕ್ಷರದೊಳಗೆ.

ಬೆಂಚಿನಲ್ಲಿ ಕೂತು ಇಬ್ಬರೂ ಇನ್ನೂರು ಅಕ್ಷರ ಹೊಂದಿಸಿದೆವು.
ಹಮಾಲ: ನಮ್ಮ ಲೆಕ್ಕಕ್ಕೆ ಮೂರು,
ಫೋನಿನ ಲೆಕ್ಕಕ್ಕೆ ನಾಲ್ಕು. ದೀರ್ಘಕ್ಕೂ ತೆರಿಗೆ.

"ಜಾಗ ಉಳಿದ್ರೆ ಇದನ್ನೂ ಬರಿ," ಅಂದಳು,
"ಹನ್ನೊಂದು ವರ್ಷ ಚೆಕ್‌ಪೋಸ್ಟಿಗೆ ದಿನಾ ಎರಡು ಹೊತ್ತು ಟೀ.
ಒಬ್ಬರೂ ಕಾಸು ಕೊಡಲಿಲ್ಲ. ಅದೂ ಸುಂಕ ತಾನೆ?"
ಬೈದಂತೆ ಹೇಳಲಿಲ್ಲ. ಲೋಟ ತೊಳೆಯುತ್ತ ಹೇಳಿದಳು.

ವಾಪಸು ಬಸ್ಸಿನಲ್ಲಿ ಲೆಕ್ಕ ಹಾಕಿದೆ. ರಜೆ ಕಳೆದು
ನನ್ನೊಬ್ಬನದೇ ಆರು ಸಾವಿರದ ಆರುನೂರು ಲೋಟ,
ಆಗಿನ ಬೆಲೆ ನಾಲ್ಕು ರೂಪಾಯಿ.
ಫೋನು ತೆಗೆದೆ, ಅವಳ ನಂಬರು ಹುಡುಕಿದೆ, ಮೊತ್ತ ಒತ್ತಿದೆ.
ಕಳಿಸುವ ಗುಂಡಿಗೆ ಬೆರಳು ತಾಗುವಾಗ ಹೊಳೆಯಿತು:
ಇದೂ ಅವಳ ವಹಿವಾಟಿಗೆ ಸೇರುತ್ತದೆ.

ಬೆರಳೆತ್ತಿದೆ. ಇಳಿಸಲಿಲ್ಲ.
ಹೊರಗೆ ವಡ್ಡಹಳ್ಳಿ, ಟೊಮೇಟೊ ಕ್ರೇಟು ಹೊತ್ತ ಬೆನ್ನುಗಳು,
ದೀಪ ಹತ್ತುತ್ತಿತ್ತು. ಕೂಲಿ ಕೊಡುವ ಹೊತ್ತು.